ದಪ್ಪ ಹಿಡಿಯ ಕುಂಚ

ನನಗೆ ಕೀಲುಗಳು ಊದಿಕೊಂಡು ನೋಯುವ ರುಮಟಾಯ್ಡ್ ಆರ್ಥ್ರೈಟಿಸ್ ಬಂದು ಒಂಬತ್ತು ವರ್ಷಗಳಾದವು. ಬೆಳಗಿನ ಹೊತ್ತು ಬೆರಳುಗಳು ಮಡಚಲು ಒಪ್ಪದ ಕಾರಣ ಚಿತ್ರ ಬರೆಯುವುದನ್ನು ಸಂಜೆಗೆ ಎತ್ತಿಟ್ಟುಕೊಂಡಿದ್ದೇನೆ. ಕುಂಚದ ಹಿಡಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿಕೊಂಡಿರುವುದರಿಂದ ಅದನ್ನು ಬಿಗಿಯಾಗಿ ಹಿಡಿಯಬೇಕಾಗಿಯೂ ಇಲ್ಲ. ನಿನ್ನೆ ಒದ್ದೆ ಕಾಗದದ ಮೇಲೆ ನೀಲಿಯ ಒಂದು ಹನಿ ಬಿಟ್ಟೆ. ಅದು ಅಂಚಿನಲ್ಲಿ ಎಳೆಎಳೆಯಾಗಿ ಹರಡುತ್ತಾ, ಮೊದಲೇ ಬಳಿದಿದ್ದ ಹಳದಿಯನ್ನು ತಾಕಿ ಹಸಿರಾಗಿ ನಿಂತಿತು. ನೀರು ಆರುವವರೆಗೆ ನೋಡುತ್ತಾ ಕುಳಿತವಳಿಗೆ ಮಣಿಕಟ್ಟಿನ ನೋವು ನೆನಪಾಗಲೇ ಇಲ್ಲ.

ನೋವು ಹೋಯಿತೆಂದು ಹೇಳುತ್ತಿಲ್ಲ. ಗುಳಿಗೆ, ರಕ್ತಪರೀಕ್ಷೆಗಳು ಎಂದಿನಂತೆ ನಡೆದಿವೆ. ಬಣ್ಣ ಹಚ್ಚಿದರೆ ರೋಗವೇ ವಾಸಿಯಾಗುತ್ತದೆ ಎನ್ನುವವರ ಮಾತು ಕೇಳಿದರೆ ನನಗೆ (ಕ್ಷಮಿಸಿ) ಸಿಟ್ಟೇ ಬರುತ್ತದೆ.

ಫ್ರಾನ್ಸಿನ ಚಿತ್ರಕಾರ ರೆನ್ವಾರ್ ಇದೇ ಕಾಯಿಲೆಯೊಂದಿಗೆ ಬದುಕಿ, 1919ರಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆದರು. ಅವರ ಕೈಗೆ ಕುಂಚವನ್ನು ಕಟ್ಟಲಾಗುತ್ತಿತ್ತೆಂಬ ಮಾತು ಪ್ರಚಾರದಲ್ಲಿದೆಯಾದರೂ, ಬಟ್ಟೆ ಸುತ್ತುತ್ತಿದ್ದುದು ಅಂಗೈಯ ಚರ್ಮ ಹುಣ್ಣಾಗದಿರಲೆಂದು. ಸೊಟ್ಟಗಾದ ಬೆರಳುಗಳ ನಡುವೆ ಬೇರೆಯವರು ಕುಂಚವನ್ನು ಇಟ್ಟುಕೊಡುತ್ತಿದ್ದರು, ಬರೆಯುವ ಕೆಲಸ ಆ ಬೆರಳುಗಳದ್ದೇ ಆಗಿತ್ತು. ಈ ವಿವರ ತಿಳಿದ ಮೇಲೆ, ಬಣ್ಣದ ಟ್ಯೂಬಿನ ಮುಚ್ಚಳ ತೆಗೆದುಕೊಡಲು ಮನೆಯವರನ್ನು ಕರೆಯುವಾಗ ಮೊದಲಿನಷ್ಟು ಸಂಕೋಚವಾಗುವುದಿಲ್ಲ.

ಇಂದು ಕೈ ಊದಿದೆ. ಕಾಗದ ಒಣಗಿ ಅಂಚುಗಳು ಮೇಲೆದ್ದಿವೆ. ಎರಡು ದಪ್ಪ ಪುಸ್ತಕಗಳನ್ನು ಹೇರಬೇಕಿತ್ತು, ಎತ್ತಲಾಗದೆ ಹಾಗೆಯೇ ಬಿಟ್ಟಿದ್ದೇನೆ.