ನೇರ ಹಲಗೆಗಳ ತಂತಿವಾದ್ಯ

ಮರವನ್ನು ಕಾಯಿಸಿ ಬಾಗಿಸುವ ಸಲಕರಣೆ ನನ್ನಲ್ಲಿಲ್ಲ. ಆದರೂ ಮೂರು ತಂತಿಗಳ ವಾದ್ಯವೊಂದನ್ನು ಕೈಯಾರೆ ಮಾಡಲು ನನಗೆ ಧೈರ್ಯ ಕೊಟ್ಟದ್ದು, ಫ್ರೆಂಚ್ ವಿಜ್ಞಾನಿ ಫೆಲಿಕ್ಸ್ ಸಾವಾರ್ 1819ರ ಹೊತ್ತಿಗೆ ಚಪ್ಪಟೆ ಹಲಗೆಗಳನ್ನೇ ಜೋಡಿಸಿ ರೂಪಿಸಿದ ಪಿಟೀಲು. ಅದರ ಒಡಲು ಒಂದು ತುದಿಯಲ್ಲಿ ಅಗಲವಾಗಿ ಇನ್ನೊಂದು ತುದಿಯಲ್ಲಿ ಕಿರಿದಾಗುವ ಪೆಟ್ಟಿಗೆ. ನಾದರಂಧ್ರಗಳೂ ನೇರ ಸೀಳುಗಳೇ.

ನಾನೂ ಅದೇ ಆಕಾರವನ್ನು ಆರಿಸಿಕೊಂಡೆ. ಹಲಗೆಯ ಅಡ್ಡಕೊಯ್ತದ ತುದಿ ಅಂಟನ್ನು ಹೀರಿಕೊಳ್ಳುವುದರಿಂದ ಮೂಲೆಗಳ ಕೂಡಿಕೆ ಸಡಿಲವಾಗುತ್ತದೆಂದು, ಪ್ರತಿ ಮೂಲೆಯ ಒಳಗೂ ಮರದ ತುಂಡೊಂದನ್ನು ಅಂಟಿಸಿ ಪಕ್ಕದ ಹಲಗೆಗಳನ್ನು ಬಿಗಿ ಮಾಡಿದ್ದೆ.

ಆ ದಿನದ ಬಹುಪಾಲು ಮೇಲುಹಲಗೆಗೇ ಹೋಯಿತು. ಹೋಗಬೇಕಾದದ್ದೂ ಹಾಗೆಯೇ, ಏಕೆಂದರೆ ತಂತಿಯ ಕಂಪನವನ್ನು ಕುದುರೆಯಿಂದ, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಪುಟ್ಟ ಆಧಾರದಿಂದ, ಪಡೆದು ಗಾಳಿಗೆ ಹೆಚ್ಚಾಗಿ ದಾಟಿಸುವುದು ಅದೇ. ಮರದ ಎಳೆ ತಂತಿಗಳ ದಿಕ್ಕಿನಲ್ಲೇ ಓಡುವ ಸ್ಪ್ರೂಸ್ ಹಲಗೆಯನ್ನು 4 ಮಿಲಿಮೀಟರಿನಿಂದ 3ಕ್ಕೆ ಇಳಿಸುತ್ತ, ಆಗಾಗ ಕೀಸುಳಿಯನ್ನು ಬದಿಗಿಟ್ಟು, ಹಲಗೆಯ ಅಂಚನ್ನು ಎರಡು ಬೆರಳುಗಳಲ್ಲಿ ಹಿಡಿದು ತಟ್ಟಿ ಕೇಳುತ್ತಿದ್ದೆ. ಹಲಗೆಯ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ಆ ಒಂದು ಮಿಲಿಮೀಟರು ಹೋದರೆ ಬಿಗುವು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಮೊದಲು ಗಿಡ್ಡವಾಗಿ ಸತ್ತುಹೋಗುತ್ತಿದ್ದ ಸದ್ದು ಕ್ರಮೇಣ ತಗ್ಗಿ, ತುಂಬಿಕೊಂಡು, ಕೊಂಚ ಹೊತ್ತು ನಿಲ್ಲತೊಡಗಿತು. ವಾದ್ಯ ಮಾಡುವವರು ಈ ಕೆಲಸವನ್ನು ಅಳತೆಗೋಲಿಗಷ್ಟೇ ಒಪ್ಪಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕೊನೆಗೆ ಕುದುರೆ ಕೂರುವ ಜಾಗದ ಕೆಳಗೆ ಅಡ್ಡಪಟ್ಟಿಯೊಂದನ್ನು ಅಂಟಿಸಿ ಒಡಲನ್ನು ಮುಚ್ಚಿದೆ.

ಸ್ವರಕ್ಕಾಗಿ ತಂತಿಯನ್ನು ಒತ್ತುವ ಅಡ್ಡಗೆರೆಗಳಾದ ಮೆಟ್ಟಿಲುಗಳ ಸ್ಥಾನವನ್ನು ಮೊದಲೇ ದಂಡಿಯ (ವಾದ್ಯದ ಕತ್ತಿನ) ಮೇಲೆ ಗುರುತಿಸಿದ್ದೆ: ಉಳಿದ ಉದ್ದವನ್ನು ಪ್ರತಿಬಾರಿಯೂ 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರ ಸಿಗುತ್ತದೆ. ತಂತಿಯ ಉದ್ದ 640 ಮಿಲಿಮೀಟರಾದರೆ ಮೊದಲನೆಯದು 35.9ರಲ್ಲಿ, 12ನೆಯದು ನಟ್ಟನಡುವೆ, 320ರಲ್ಲಿ.

ಅಂಟು ಒಣಗಿದ ಮೇಲೆ ತಂತಿಗಳನ್ನು ಬಿರಡೆಗಳಿಗೆ ಸುತ್ತಿ ಬಿಗಿದು, 12ನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದ ಸ್ವರವನ್ನು, ಅಲ್ಲಿಯೇ ಒತ್ತಿ ಮೀಟಿದ ಸ್ವರದೊಡನೆ ಹೋಲಿಸಿದೆ. ಒತ್ತಿದಾಗ ತಂತಿ ತುಸು ಹೆಚ್ಚು ಎಳೆಯಲ್ಪಡುವುದರಿಂದ ಎರಡನೆಯ ಸ್ವರ ಕೂದಲೆಳೆಯಷ್ಟು ಮೇಲಿತ್ತು. ಕುದುರೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದಾಗ ಎರಡೂ ಕೂಡಿಕೊಂಡವು. ಬೇರೆ ದಪ್ಪದ ತಂತಿ ಹಾಕಿದರೆ ಅದರ ಜಾಗ ಮತ್ತೆ ಬದಲಾಗಬೇಕಾಗುತ್ತದೆಂದು, ಕುದುರೆಯನ್ನು ಅಂಟಿಸದೆ ತಂತಿಗಳ ಒತ್ತಡದಲ್ಲೇ ನಿಲ್ಲುವಂತೆ ಬಿಟ್ಟಿದ್ದೇನೆ.