ಎಲ್ಲರೂ ಅಂದರೆ ತಪ್ಪು ಸರಿಯಾಗುತ್ತದೆಯೇ?

ಈ ವಾರ ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ಪ್ರಬಂಧ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. 2019ರಲ್ಲಿ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ನಡೆದ ಹಿರೇಹಳ್ಳದ ಸ್ವಚ್ಛತೆಯ ಬಗ್ಗೆ ಹುಡುಗಿಯೊಬ್ಬಳು ಬಹಳ ಚೆನ್ನಾಗಿ ಬರೆದಿದ್ದಳು. ನಡುವೆ ಒಂದು ಕಡೆ ‘ಜನರೇ ಕೂಡಿ ಹಳ್ಳವನ್ನು ಸ್ವಚ್ಛ ಮಾಡ್ಯಾರ’ ಎಂದಿತ್ತು. ನನ್ನ ಜೊತೆಗಿದ್ದ ಕನ್ನಡ ಮಾಸ್ತರರು ಆ ಕ್ರಿಯಾಪದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಅವಳನ್ನು ಕರೆದು, ‘ಮಾಡಿದ್ದಾರೆ’ ಎಂದು ತಿದ್ದಿಸಿದರು.

“ನಮ್ಮೂರಾಗ ಎಲ್ಲಾರೂ ಹಂಗ ಅಂತಾರ್ರಿ ಸರ” ಎಂದಳು ಅವಳು.

“ಎಲ್ಲಾರೂ ಅಂದ್ರ ತಪ್ಪು ಸರಿ ಆಗತೈತೇನವ್ವಾ?”

ಅವಳು ತಲೆ ತಗ್ಗಿಸಿ ಹೋದಳು. ಮಾಸ್ತರರು ಕಟುಕರಲ್ಲ, ಮುಂದೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಂಡಾರೆಂಬ ಅವರ ಆತಂಕ ನಿಜವಾದದ್ದು. ಆದರೂ ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ, ಏಕೆಂದರೆ ಕನ್ನಡದ ಚರಿತ್ರೆ ಅದಕ್ಕೆ ಕೊಡುವ ಉತ್ತರ ‘ಹೌದು, ಆಗುತ್ತದೆ’ ಎಂಬುದೇ. ಹಿಂದಿನ ಕನ್ನಡದ ‘ಪಾಲು’ ಇಂದಿನ ‘ಹಾಲು’ ಆದದ್ದು ಯಾವ ವೈಯಾಕರಣನ ಅಪ್ಪಣೆಯಿಂದಲೂ ಅಲ್ಲ. 13ನೆಯ ಶತಮಾನದ ವೈಯಾಕರಣ ಕೇಶಿರಾಜನು ಹಳಗನ್ನಡದ ೞ ಎಂಬ ಅಕ್ಷರವಿರುವ ಪದಗಳನ್ನು ಪಟ್ಟಿ ಮಾಡಿಕೊಟ್ಟರೂ ಜನರ ನಾಲಗೆ ಅದನ್ನು ಉಳಿಸಿಕೊಳ್ಳಲಿಲ್ಲ. ಬಾೞೆ ಬಾಳೆಯಾಯಿತು, ಆ ಅಕ್ಷರವೇ ಬಳಕೆಯಿಂದ ಹೋಯಿತು. ಎಲ್ಲರೂ ಅಂದದ್ದೇ ಇಂದು ನಮಗೆ ಶುದ್ಧ ರೂಪವಾಗಿದೆ.

ಇನ್ನು ‘ಮಾಡ್ಯಾರ’ ಎಂಬುದನ್ನು ತಪ್ಪೆಂದು ಕರೆಯುವುದನ್ನೇ ನಾನು ಒಪ್ಪುವುದಿಲ್ಲ. ಮಾಡೀನಿ, ಮಾಡ್ಯಾನ, ಮಾಡ್ಯಾಳ, ಮಾಡ್ಯಾರ ಎಂದು ಪುರುಷ, ಲಿಂಗ, ವಚನಗಳಿಗೆ ತಕ್ಕಂತೆ ಅದು ಕ್ರಮ ತಪ್ಪದೆ ನಡೆಯುತ್ತದೆ. ಅಕ್ಷರ ಕಲಿಯದ ಅಜ್ಜಿಯೂ ಅದರಲ್ಲಿ ಎಡವುವುದಿಲ್ಲ. ನಿಯಮವಿರುವ ಮಾತಿಗೆ ವ್ಯಾಕರಣವಿಲ್ಲವೆನ್ನುವುದು ಹೇಗೆ? 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು, ಅಂದರೆ ನಮ್ಮ ಕೊಪ್ಪಳ. ದೇಸಿ, ಅಂದರೆ ಆಯಾ ಸೀಮೆಯ ನುಡಿ, ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿರ್ಣಯಿಸಲು ಸರ್ಪರಾಜ ವಾಸುಕಿಗೂ ಸಾಧ್ಯವಾಗದು ಎಂದೂ ಅದೇ ಗ್ರಂಥ ಹೇಳುತ್ತದೆ. ‘ಕನ್ನಡಗಳು’ ಎಂದು ಬಹುವಚನದಲ್ಲಿ ಹೇಳುವ ಆ ಔದಾರ್ಯ ನಮ್ಮ ಮೌಲ್ಯಮಾಪನಕ್ಕೆ ಇನ್ನೂ ಬಂದಿಲ್ಲ.

ಪರೀಕ್ಷೆಗೆ ಶಿಷ್ಟ ರೂಪ ಬೇಕು, ನಿಜ. ಹಾಗಾದರೆ ‘ಪುಸ್ತಕದ ಕನ್ನಡದಲ್ಲಿ ಹೀಗೆ ಬರೆಯುತ್ತಾರೆ’ ಎಂದು ಪಕ್ಕದಲ್ಲಿ ಬರೆದುಕೊಟ್ಟರೆ ಸಾಕಲ್ಲವೇ? ಅವಳು ಎರಡನ್ನೂ ಕಲಿಯುತ್ತಿದ್ದಳು. ಮನೆಯ ಮಾತಿಗೆ ನಾಚಬೇಕಾಗುತ್ತಿರಲಿಲ್ಲ.

ಎಲ್ಲವನ್ನೂ ಒಪ್ಪಿಬಿಡೋಣವೆಂದೂ ನಾನು ಹೇಳುತ್ತಿಲ್ಲ. ‘ಅನಾನುಕೂಲ’, ‘ಜಾತ್ಯಾತೀತ’ ಎಂದು ಬರೆದವರಿಗೆ ಅನನುಕೂಲ, ಜಾತ್ಯತೀತ ಎಂಬ ಸಂಧಿಯನ್ನು ತಿಳಿಸುತ್ತೇನೆ, ಆದರೆ ಅರ್ಥ ಕೆಡದಿರುವುದರಿಂದ ಅಂಕ ಕಳೆಯುವುದಿಲ್ಲ. ಇನ್ನೊಂದು ತಲೆಮಾರಿಗೆ ಅವೇ ನಿಂತರೂ ನಿಲ್ಲಬಹುದು. ವಿಭಕ್ತಿಯ ವಿಷಯದಲ್ಲಿ ಮಾತ್ರ ನಾನು ಬಿಗಿ. ಅಣ್ಣನು ತಮ್ಮನಿಗೆ ಹೊಲ ಬಿಟ್ಟುಕೊಟ್ಟನೋ, ತಮ್ಮನು ಅಣ್ಣನಿಗೆ ಬಿಟ್ಟುಕೊಟ್ಟನೋ ಎಂಬುದು ಕಾಗದದ ಮೇಲೆ ಒಂದು ಪ್ರತ್ಯಯದಿಂದ ತೀರ್ಮಾನವಾಗುತ್ತದೆ, ಅಲ್ಲಿ ತಪ್ಪಿದರೆ ಒಬ್ಬನ ಹೊಲ ಇನ್ನೊಬ್ಬನ ಪಾಲಾಗುತ್ತದೆ. ಕೆಂಪು ಶಾಯಿ ಬೇಕಾಗಿರುವುದು ಅಂಥ ಕಡೆಗೆ.