ಡೆಲಿಯಾ ಬರೆದಿದ್ದಾ, ಮಾಡಿದ್ದಾ?

ಶನಿವಾರ ಮೊಮ್ಮಗಳು ಕೇಳಿದ ಪ್ರಶ್ನೆ ಇವತ್ತು ಗುರುವಾರವಾದರೂ ತಲೆಯಿಂದ ಇಳಿದಿಲ್ಲ. ಪ್ರಶ್ನೆಗಿಂತ ಜಾಸ್ತಿ, ನಾನು ಕೊಟ್ಟ ಉತ್ತರ ಕಾಡುತ್ತಿದೆ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಮಗನ ಮನೆಗೆ ಬಂದು ಎರಡು ತಿಂಗಳಾಯಿತು. ಇಲ್ಲಿನ ಸೀಡರ್ಸ್ ಅವೆನ್ಯೂದಲ್ಲಿ ಒಂದು ಮನೆಯ ಗೋಡೆಗೆ ದುಂಡನೆಯ ನೀಲಿ ಫಲಕವಿದೆ. 2017ರಲ್ಲಿ ಹಾಕಿದ್ದು. ಬಿಬಿಸಿಯಲ್ಲಿ ಟೇಪಿನ ಚೂರುಗಳಿಂದ ಸಂಗೀತ ಕಟ್ಟಿದ ಡೆಲಿಯಾ ಡಾರ್ಬಿಶರ್ ಬಾಲ್ಯ ಕಳೆದ ಮನೆ ಅದು. ನೋಡಲೇಬೇಕು ಅಂತ ಪುಟ್ಟಿಯನ್ನು ಕರೆದುಕೊಂಡು ಹೋಗಿದ್ದೆ. ರಸ್ತೆಯ ಆಚೆ ಬದಿಯಲ್ಲಿ ನಿಂತು ಫೋನಿನಲ್ಲಿ ಬಿಬಿಸಿಯ 'ಡಾಕ್ಟರ್ ಹೂ' ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತ ಹಾಕಿದೆ. 1963ರದ್ದು, ಮೊಟ್ಟಮೊದಲನೆಯದು. ಅವಳು ಕತ್ತು ಓರೆ ಮಾಡಿಕೊಂಡು ಪೂರ್ತಿ ಕೇಳಿದಳು.

"ಅಜ್ಜಿ, ಇದನ್ನ ಡೆಲಿಯಾ ಬರೆದಿದ್ದಾ?"

"ಇಲ್ಲ ಪುಟ್ಟಿ. ಬರೆದಿದ್ದು ರಾನ್ ಗ್ರೇನರ್ ಅಂತ ಒಬ್ಬರು. ಡೆಲಿಯಾ ಮಾಡಿದ್ದು."

"ಮಾಡಿದ್ದು ಅಂದ್ರೆ?"

"ಅಂದ್ರೆ... ರೆಕಾರ್ಡ್ ಮಾಡಿದ್ದು."

"ಓ, ಅಷ್ಟೇನಾ" ಅಂದಳು. ಮುಂದಕ್ಕೆ ಓಡಿಬಿಟ್ಟಳು.

ಅಷ್ಟೇನಾ! ಬಸ್ಸಿನಲ್ಲಿ ಕೂತಾಗಿನಿಂದ ಆ ಮಾತು ಕಿವಿಯಲ್ಲೇ ಇದೆ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ. ರೇಡಿಯೊ ಕೇಂದ್ರವೊಂದರಲ್ಲಿ ವರ್ಷಗಟ್ಟಲೆ ಟೇಪ್ ಕತ್ತರಿಸಿದ ಕೈ ನನ್ನದು. ಟೇಪ್ ಸುತ್ತಿದ ಸ್ಪೂಲನ್ನು ಎರಡೂ ಕೈಯಲ್ಲಿ ಹಿಂದೆ ಮುಂದೆ ಆಡಿಸುತ್ತಾ, ಮಾತು ಶುರುವಾಗುವ ಜಾಗ ಹುಡುಕಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಲ್ಲಿ ಓರೆಯಾಗಿ ಕೊಯ್ಯಬೇಕು. ಎರಡು ತುದಿ ಕೂಡಿಸಿ, ಅಂಟು ಪಟ್ಟಿ ಹಾಕಿ, ಉಗುರಿನಲ್ಲಿ ಗಟ್ಟಿಯಾಗಿ ಒತ್ತಬೇಕು. ಕೂದಲೆಳೆಯಷ್ಟು ಸಂದಿ ಬಿಟ್ಟರೂ ಟಕ್ ಅಂತ ಕೇಳುತ್ತದೆ. ನಾನು ಕತ್ತರಿಸುತ್ತಿದ್ದದ್ದು ಭಾಷಣಕಾರರ ಕೆಮ್ಮು, ನಾಟಕದಲ್ಲಿ ತಪ್ಪಿದ ಸಾಲು. ಡೆಲಿಯಾ ಕತ್ತರಿಸಿದ್ದು ಒಂದೊಂದು ಸ್ವರವನ್ನು.

ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ ಕಾಲು ಸೆಕೆಂಡಿನ ಸ್ವರ ಅಂದರೆ ನಾಲ್ಕು ಇಂಚಿಗೂ ಕಡಿಮೆ ಉದ್ದದ ಚೂರು. ಲಂಡನ್ನಿನ ಮೈಡಾ ವೇಲ್‌ನಲ್ಲಿದ್ದ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪಿನಲ್ಲಿ, ಅಂದರೆ ಕಾರ್ಯಕ್ರಮಗಳಿಗೆ ಬೇಕಾದ ಸದ್ದು ತಯಾರಿಸುವ ವಿಭಾಗದಲ್ಲಿ, ಬೇಕಾದ ಸ್ವರವನ್ನು ವಿದ್ಯುತ್ತಿನಿಂದಲೇ ಹುಟ್ಟಿಸಿ ನುಡಿಸುವ ಸಿಂಥಸೈಸರ್ ಆಗ ಇರಲಿಲ್ಲ. ಒಂದು ತಂತಿ ಮೀಟಿದ ಸದ್ದು ಹಿಡಿದರು. ಅದನ್ನೇ ಬೇರೆ ಬೇರೆ ವೇಗದಲ್ಲಿ ಓಡಿಸಿ ಬೇರೆ ಬೇರೆ ಶ್ರುತಿಗೆ ತಂದರು. ಪ್ರತಿ ಶ್ರುತಿಯ ಚೂರನ್ನೂ ಅಳೆದು, ಕತ್ತರಿಸಿ, ಒಂದಕ್ಕೊಂದು ಅಂಟಿಸಿದರು. ಎದೆಗೆ ಗುದ್ದುವಂಥ ಆ ಕೆಳಸ್ಥಾಯಿಯ ನಡೆ ಬಂದದ್ದು ಹಾಗೆ. ಮೇಲಿನ ರಾಗ ಆಸಿಲೇಟರಿನದು. ಯಂತ್ರಗಳನ್ನು ಪರೀಕ್ಷೆ ಮಾಡಲು ಇಟ್ಟುಕೊಂಡಿದ್ದ, ಒಂದೇ ಸಮನೆ ಸ್ವರ ಹೊರಡಿಸುವ ಪೆಟ್ಟಿಗೆ ಅದು. ಅದರ ಗುಂಡಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಆ ಜಾರು ತಂದದ್ದು. ಒಂದೇ ಟೇಪಿನಲ್ಲಿ ಹಲವು ದನಿಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಯಂತ್ರ ಅವರ ಹತ್ತಿರ ಇರಲಿಲ್ಲ. ಒಂದೊಂದು ದನಿಗೂ ಒಂದೊಂದು ಟೇಪ್. ಎಲ್ಲ ಯಂತ್ರಗಳ ಗುಂಡಿಯನ್ನೂ ಒಟ್ಟಿಗೆ ಒತ್ತಿ, ಕೂಡಿ ಓಡುತ್ತವಾ ಅಂತ ನೋಡುವುದು.

ಒಂದು ಸಲ ತಾಳ ಕೂಡಲೇ ಇಲ್ಲವಂತೆ. ಎಲ್ಲಿ ತಪ್ಪಿದೆ ಅಂತ ಕಿವಿಗೆ ಸಿಗಲಿಲ್ಲ. ಡೆಲಿಯಾ ಮತ್ತು ಜೊತೆಗಿದ್ದ ಡಿಕ್ ಮಿಲ್ಸ್ ಟೇಪುಗಳನ್ನು ಬಿಚ್ಚಿ ಉದ್ದ ಕಾರಿಡಾರಿನ ನೆಲದ ಮೇಲೆ ಪಕ್ಕಪಕ್ಕದಲ್ಲಿ ಹಾಸಿದರು. ಬೆಸುಗೆಗಳನ್ನು ಒಂದಕ್ಕೊಂದು ಹೋಲಿಸುತ್ತಾ ನಡೆದು, ಸಾಲು ತಪ್ಪಿದ ಒಂದು ಚೂರನ್ನು ಕಣ್ಣಲ್ಲೇ ಹಿಡಿದರು. ಇದನ್ನು ಓದಿದಾಗಲೆಲ್ಲ ನನ್ನ ಬೆರಳು ಜುಮ್ಮೆನ್ನುತ್ತದೆ. ಸಂಗೀತವನ್ನು ನೆಲದ ಮೇಲೆ ಹಾಸಿ ನೋಡಿದ್ದಾರಲ್ಲ! ಡೆಲಿಯಾ ಕಣ್ಣು ಮೊದಲಿನಿಂದಲೂ ಹಾಗೇ. ಬಿಬಿಸಿಗೆ ಸೇರಿದ ಹೊಸತರಲ್ಲಿ, ಗ್ರಾಮಫೋನ್ ತಟ್ಟೆಯ ಗೆರೆಗಳನ್ನು ನೋಡಿಯೇ ಟ್ರಾಂಬೋನ್ ಎಲ್ಲಿ ಬರುತ್ತದೆ ಅಂತ ಗುರುತಿಸಿ ಮುಳ್ಳು ಇಡುತ್ತಿದ್ದರಂತೆ. ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ ಮತ್ತು ಸಂಗೀತ.

ಗ್ರೇನರ್ ಕೊಟ್ಟು ಹೋಗಿದ್ದದ್ದು ಒಂದೇ ಹಾಳೆ. ಗಾಳಿ, ಗುಳ್ಳೆ, ಮೋಡ ಅಂತ ಅಲ್ಲಲ್ಲಿ ಸೂಚನೆ. ವಾಪಸ್ ಬಂದು ಕೇಳಿದಾಗ ಅವರಿಗೆ ನಂಬಲಾಗಲಿಲ್ಲ. "ಇದನ್ನ ನಾನೇ ಬರೆದದ್ದಾ?" ಅಂದರು. "ಬಹುಪಾಲು ನೀವೇ" ಅಂದರು ಡೆಲಿಯಾ.

ನೋಡಿ, ನನ್ನ ಮೊಮ್ಮಗಳ ಪ್ರಶ್ನೆಯೇ ಅದು. 1963ರಲ್ಲೇ, ಬರೆದವರೇ ಬಾಯಿಬಿಟ್ಟು ಕೇಳಿದ್ದರು. ಡೆಲಿಯಾ ವಿನಯದಿಂದ ಹೇಳಿದ ಉತ್ತರವನ್ನು ನಾನು ಅರವತ್ತು ವರ್ಷದ ಮೇಲೆ ಇನ್ನಷ್ಟು ಸಣ್ಣದು ಮಾಡಿ ಮಗುವಿನ ಕೈಗೆ ಕೊಟ್ಟೆ.

ಗ್ರೇನರ್ ಬಗ್ಗೆ ನನಗೆ ತುಂಬಾ ಗೌರವ. ಸಂಭಾವನೆಯಲ್ಲಿ, ಹೆಸರಿನಲ್ಲಿ ಡೆಲಿಯಾಗೂ ಪಾಲು ಸಿಗಲಿ ಅಂತ ಪ್ರಯತ್ನಪಟ್ಟವರು ಅವರು. ಬಿಬಿಸಿ ಒಪ್ಪಲಿಲ್ಲ. ವರ್ಕ್‌ಶಾಪಿನವರ ಹೆಸರು ಹಾಕುವ ಪದ್ಧತಿ ಇಲ್ಲ, ವಿಭಾಗದ ಹೆಸರು ಸಾಕು ಅಂತ. ಅದಕ್ಕೂ ಮುಂಚೆ, 1959ರಲ್ಲಿ, ಡೆಕ್ಕಾ ರೆಕಾರ್ಡ್ ಕಂಪನಿ ಹೆಂಗಸರನ್ನು ರೆಕಾರ್ಡಿಂಗ್ ಸ್ಟುಡಿಯೊಗೆ ಸೇರಿಸಿಕೊಳ್ಳುವುದಿಲ್ಲ ಅಂತ ಡೆಲಿಯಾ ಮುಖಕ್ಕೇ ಹೇಳಿ ಕಳಿಸಿತ್ತು. ತೆರೆಯ ಮೇಲೆ ಅವರ ಹೆಸರು ಬಂದದ್ದು 2013ರಲ್ಲಿ, ಐವತ್ತನೇ ವರ್ಷದ ವಿಶೇಷ ಸಂಚಿಕೆಯಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಯೋಚನೆ ಮಾಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲೂ ಭಾವಗೀತೆ ಮುಗಿದ ಮೇಲೆ ಹೇಳುತ್ತಿದ್ದೆವಲ್ಲ: ರಚನೆ ಇಂಥವರದು, ಸಂಗೀತ ಸಂಯೋಜನೆ ಇಂಥವರದು, ಹಾಡಿದವರು ಇಂಥವರು. ಎಷ್ಟು ಚೆಂದದ ಪದ್ಧತಿ. ಆದರೆ ಡೆಲಿಯಾ ಮಾಡಿದ ಕೆಲಸಕ್ಕೆ ಅದರಲ್ಲೂ ಜಾಗವಿಲ್ಲ. ಹಾಡನ್ನು ಇನ್ನೊಬ್ಬರು ಹಾಡಬಹುದು. ಹಾಳೆಯ ಮೇಲಿನ ಸ್ವರಕ್ಕೆ ಅದನ್ನು ನುಡಿಸುವ ವಾದ್ಯವೇ ಲೋಕದಲ್ಲಿ ಇಲ್ಲದಿದ್ದಾಗ, ಆ ಸದ್ದನ್ನೇ ಚೂರು ಚೂರಾಗಿ ಕಟ್ಟಿದವರನ್ನು ಏನಂತ ಕರೆಯುವುದು? ಐದು ದಿನದಿಂದ ಹುಡುಕುತ್ತಿದ್ದೇನೆ.

ಡೆಲಿಯಾ ಕೊವೆಂಟ್ರಿಯಲ್ಲಿ ಹುಟ್ಟಿದ್ದು 1937ರಲ್ಲಿ. 1940ರ ನವೆಂಬರಿನಲ್ಲಿ ಈ ಊರಿನ ಮೇಲೆ ಬಾಂಬಿನ ಮಳೆಯಾದಾಗ ಮೂರು ವರ್ಷದ ಮಗು. ವಿಮಾನ ದಾಳಿಯ ಸೈರನ್ನೇ ತಾನು ಕೇಳಿದ ಎಲೆಕ್ಟ್ರಾನಿಕ್ ಸಂಗೀತ ಅಂತ ದೊಡ್ಡವರಾದ ಮೇಲೆ ಹೇಳಿದ್ದರು. 'ಡಾಕ್ಟರ್ ಹೂ' ಸಂಗೀತ ಏರುವುದು, ಇಳಿಯುವುದು ನನಗೆ ಈಗ ಬೇರೆಯೇ ಆಗಿ ಕೇಳುತ್ತದೆ.

1973ರಲ್ಲಿ ಬಿಬಿಸಿ ಬಿಟ್ಟರು. ಸ್ವಲ್ಪ ದಿನಕ್ಕೆ ಸಂಗೀತವನ್ನೂ. ಗ್ಯಾಸ್ ಪೈಪ್ ಹಾಕುವ ಕಡೆ ರೇಡಿಯೊ ಆಪರೇಟರ್ ಆಗಿ ಕೆಲಸ ಮಾಡಿದರು. ಇದನ್ನು "ಪಾಪ" ಅಂತ ಬರೆಯುವವರನ್ನು ಕಂಡರೆ ನನಗೆ ಬೇಸರ. ಅದರಲ್ಲಿ ಪಾಪ ಅನ್ನುವಂಥದ್ದೇನಿದೆ? ಕಿವಿಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು. 2001ರಲ್ಲಿ ತೀರಿಕೊಂಡ ಮೇಲೆ ಮನೆಯ ಅಟ್ಟದಲ್ಲಿ 267 ಟೇಪು ಸಿಕ್ಕವು. ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿವೆ. ಅಷ್ಟನ್ನೂ ಎಸೆಯದೆ ಇಟ್ಟುಕೊಂಡಿದ್ದರು ಅನ್ನುವುದೇ ನನಗೆ ಸಾಕು.

ನಿನ್ನೆ ರಾತ್ರಿ ಊಟ ಆದ ಮೇಲೆ ಪುಟ್ಟಿಯನ್ನು ಕೂರಿಸಿಕೊಂಡೆ.

"ಶನಿವಾರ ನಾನು ತಪ್ಪು ಹೇಳಿದೆ ಕಣೇ."

"ಯಾವುದು?"

"ರೆಕಾರ್ಡ್ ಮಾಡಿದ್ದು ಅಂದೆನಲ್ಲ. ಅಲ್ಲಿ ಯಾರೂ ಆ ಹಾಡನ್ನ ನುಡಿಸ್ತಾ ಇರಲಿಲ್ಲ. ಡೆಲಿಯಾನೇ ಒಂದೊಂದು ಸದ್ದನ್ನೂ ಹುಟ್ಟಿಸಿದ್ದು."

ಅವಳ ಮುಖ ನೋಡಿದರೆ ಅರ್ಥವಾದ ಹಾಗೆ ಕಾಣಲಿಲ್ಲ. ಆಗ ಡೆಲಿಯಾ ಅವರ ಹಸಿರು ಲ್ಯಾಂಪ್‌ಶೇಡ್ ನೆನಪಾಯಿತು. ಲೋಹದ್ದು. ಹೊಡೆದಾಗ ಬರುವ ಮೊದಲ ಪೆಟ್ಟನ್ನು ಕತ್ತರಿಸಿ ತೆಗೆದು, ಆಮೇಲೆ ಉಳಿಯುವ ಅನುರಣನವನ್ನಷ್ಟೇ ಇಟ್ಟುಕೊಂಡು, ಅದರಲ್ಲಿರುವ ಸ್ವರಗಳನ್ನು ಬಿಡಿಸಿ ಆಸಿಲೇಟರಿನಲ್ಲಿ ಮತ್ತೆ ಕಟ್ಟುತ್ತಿದ್ದರು. ಸಹಾರಾದ ತುವಾರೆಗ್ ಜನರ ಸಾಕ್ಷ್ಯಚಿತ್ರಕ್ಕೆ, ಬಿಸಿಲ ಝಳದಲ್ಲಿ ಸಾಗುವ ಒಂಟೆಗಳಿಗೆ, 1967ರಲ್ಲಿ ಸಂಗೀತವಾದದ್ದು ಆ ಲ್ಯಾಂಪ್‌ಶೇಡ್.

ದೇವರ ಗೂಡಿನಿಂದ ಗಂಟೆ ತಂದು ಒಂದೇ ಸಲ ಬಾರಿಸಿದೆ.

"ಟಣ್ ಅಂದಿದ್ದು ಬೇಡ. ಆಮೇಲಿಂದು ಕೇಳು. ಅದು ಮುಗಿಯೋವರೆಗೂ."

ಕಣ್ಣು ಮುಚ್ಚಿಕೊಂಡು ಕೇಳಿದಳು. ಸುಮಾರು ಹೊತ್ತು ಆದ ಮೇಲೆ ಕಣ್ಣು ಬಿಟ್ಟಳು.

"ಅಜ್ಜಿ, ಕತ್ತರಿಸೋದು ಎಲ್ಲಿ?"

"ನೀನೇ ಹೇಳು" ಅಂತ ಇನ್ನೊಂದು ಸಲ ಬಾರಿಸಿದೆ. ಅವಳು ಕೈ ಎತ್ತಿಕೊಂಡು ಕಾದಳು. ಪೆಟ್ಟಿನ ಸದ್ದು ಕರಗಿ ಗುಂಯ್ ಅನ್ನುವುದಷ್ಟೇ ಉಳಿದ ಕಡೆ, "ಈಗ" ಅಂದಳು.